ನಿಮ್ಮ ಕಥೆಯ ಕಿರುಬೆರಳು

ನಮಸ್ಕಾರ. ನಿಮ್ಮ ಕಥೆ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕೈಬಿಡಬೇಡಿ. ಹೊಲಿಗೆ ಕೆಲಸದ ಹೆಂಗಸು, ಮೊಣಕೈ ಹತ್ತಿರ ನರದ ಗಡ್ಡೆ, ಆಪರೇಷನ್ ಆದ ಮೇಲೆ ಬಲಗೈಯಲ್ಲಿ ಸ್ಪರ್ಶವೂ ಇಲ್ಲ ಶಕ್ತಿಯೂ ಇಲ್ಲ. ವಿಷಯ ಗಟ್ಟಿಯಾಗಿದೆ. ನಮ್ಮ ಮನೆಯಲ್ಲೇ ಒಬ್ಬರು ಇದನ್ನು ಅನುಭವಿಸಿದ್ದಾರೆ, ಹಾಗಾಗಿ ಸುಮ್ನೆ ಒಂದು ಸಾಲಿನ ಉತ್ತರ ಕಳಿಸಲು ಮನಸ್ಸು ಬರಲಿಲ್ಲ.

'ಅವಳ ಕೈ ಮರದ ಕೊರಡಾಯಿತು' ಎಂದು ಬರೆದು, ಮುಂದಿನ ಎರಡು ಪುಟ ವಿಧಿಯ ಬಗ್ಗೆ ಬರೆದಿದ್ದೀರಿ. ಕೈ ಹಾಗೆ ಇಡಿಯಾಗಿ ಹೋಗುವುದಿಲ್ಲ. ನೀವು ಹೇಳುವ ಜಾಗದಲ್ಲಿ, ಮೊಣಕೈಯ ಒಳಬದಿಯಲ್ಲಿ, ಹಾಯುವುದು ಅಲ್ನಾರ್ ನರ. ಅದು ಕೆಟ್ಟರೆ ಕಿರುಬೆರಳು ಮರಗಟ್ಟುತ್ತದೆ, ಜೊತೆಗೆ ಉಂಗುರ ಬೆರಳಿನ ಅರ್ಧ. ಒಂದೇ ಬೆರಳು, ಒಂದು ಪಕ್ಕ ಮುಟ್ಟಿದರೆ ಗೊತ್ತಾಗುತ್ತದೆ, ಇನ್ನೊಂದು ಪಕ್ಕ ಗೊತ್ತಾಗುವುದಿಲ್ಲ! ಇದನ್ನು ಬಿಟ್ಟು ಕೊರಡು ಯಾಕೆ? ಹೆಬ್ಬೆರಳಿಗೆ ಸ್ಪರ್ಶ ಇರುತ್ತದೆ, ಆದರೆ ಅದನ್ನು ತೋರುಬೆರಳಿಗೆ ಒತ್ತಿ ಹಿಡಿಯುವ ಸ್ನಾಯು ಇದೇ ನರವನ್ನು ನಂಬಿಕೊಂಡಿದೆ. ಅವಳ ಬೆರಳುಗಳ ನಡುವಿನಿಂದ ಒಂದು ಕಾಗದ ಎಳೆದರೆ, ಬಿಡಬಾರದು ಅಂತ ಹೆಬ್ಬೆರಳ ತುದಿ ಗಂಟಿನಲ್ಲಿ ಬಾಗುತ್ತದೆ, ಆದರೂ ಕಾಗದ ಜಾರಿ ಹೋಗುತ್ತದೆ. ಬಟ್ಟೆಯ ಅಂಚು ಮಡಿಸುವಾಗ ಅದೇ ಆಗಲಿ. ಇಸ್ತ್ರಿಪೆಟ್ಟಿಗೆ ತಾಗಿ ಕಿರುಬೆರಳು ಸುಟ್ಟಿದ್ದು ಅವಳಿಗೆ ತಿಳಿಯುವುದು, ಬೊಬ್ಬೆ ಎದ್ದದ್ದು ಕಣ್ಣಿಗೆ ಬಿದ್ದಾಗ.

ಡಾಕ್ಟರನ್ನು ಖಳ ಮಾಡಿದ್ದೀರಿ. ಅದು ಸುಲಭದ ದಾರಿ. ಶ್ವಾನೋಮಾ ಅನ್ನುವ ಗಡ್ಡೆ ಸಾಮಾನ್ಯವಾಗಿ ನರದ ಎಳೆಗಳನ್ನು ಪಕ್ಕಕ್ಕೆ ತಳ್ಳಿ ಬೆಳೆಯುತ್ತದೆ, ಹೆಚ್ಚಿನ ಸಲ ಬಿಡಿಸಿ ತೆಗೆಯಬಹುದು. ನ್ಯೂರೋಫೈಬ್ರೋಮಾದಲ್ಲಿ ಎಳೆಗಳು ಗಡ್ಡೆಯೊಳಗೇ ಹೆಣೆದುಕೊಂಡಿರುತ್ತವೆ, ಎಷ್ಟೇ ಎಚ್ಚರದಿಂದ ಕೈ ಹಾಕಿದರೂ ಕೆಲವು ಹೋಗಬಹುದು. ಇದನ್ನು ಮುಂಚೆಯೇ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಆ ಸಹಿಯ ದೃಶ್ಯ ನಿಮ್ಮಲ್ಲಿ ಇಲ್ಲವೇ ಇಲ್ಲ. ಕೇಳಿಸಿಕೊಂಡೂ ಸಹಿ ಹಾಕಿದವಳು ಆಮೇಲೆ ಯಾರ ಮೇಲೆ ಸಿಟ್ಟಾಗುತ್ತಾಳೆ? ನನಗೆ ಓದಬೇಕು ಅನಿಸುವುದು ಅದು.

ಕೊನೆ ಮಾತ್ರ ಪೂರ್ತಿ ಬದಲಾಗಬೇಕು. ಮೂರನೇ ವಾರ ಮಗುವಿನ ಅಳು ಕೇಳಿ ಬೆರಳು ತಟ್ಟನೆ ಅಲುಗುತ್ತದೆ ಅಂದಿದ್ದೀರಿ. ನರ ಬರೀ ಒತ್ತಡಕ್ಕೋ ಎಳೆತಕ್ಕೋ ಸಿಕ್ಕಿದ್ದರೆ ಕೆಲವು ವಾರ, ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುವುದುಂಟು. ಆದರೆ ನಿಮ್ಮ ಕಥೆಯಲ್ಲಿ ನರ ತುಂಡಾಗಿದೆ. ಹೊಲಿದು ಜೋಡಿಸಿದ ಮೇಲೂ ಎಳೆಗಳು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಕಿರುಬೆರಳ ತುದಿ ಮುಟ್ಟಲು ವರ್ಷವೇ ಬೇಕು. ಅಷ್ಟರಲ್ಲಿ ಅಂಗೈಯ ಸ್ನಾಯುಗಳು ಸೊರಗುತ್ತವೆ, ಒಂದೂವರೆ ವರ್ಷ ದಾಟಿದರೆ ನರ ಬಂದು ಮುಟ್ಟಿದರೂ ಅವು ಏಳುವುದು ಕಷ್ಟ. ಸ್ಪರ್ಶ ಒಂದಿಷ್ಟು ಮರಳಿ, ಬಲ ಮರಳದೇ ಉಳಿಯಬಹುದು.

ಇನ್ನೊಂದು ವಿಷಯ, ಇದು ನಿಮಗೆ ತುಂಬ ಉಪಯೋಗಕ್ಕೆ ಬರುತ್ತದೆ. ನರದ ದಾರಿಯ ಮೇಲೆ ಮೆಲ್ಲಗೆ ತಟ್ಟುತ್ತಾ ಬಂದರೆ, ಎಳೆಗಳು ಎಲ್ಲಿಯವರೆಗೆ ಬಂದಿವೆಯೋ ಅಲ್ಲಿ ಕಿರುಬೆರಳಿನ ಕಡೆಗೆ ಜುಮ್ ಅನ್ನುತ್ತದೆ. ನರ ಬೆಳೆದಂತೆ ಆ ಜಾಗ ತಿಂಗಳಿಗೆ ಸುಮಾರು 3 ಸೆಂಟಿಮೀಟರ್ ಕೆಳಗಿಳಿಯುತ್ತದೆ. ನಮ್ಮ ಮನೆಯವರು ಪೆನ್ನಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಕೆಲವು ತಿಂಗಳು ಗುರುತು ಇದ್ದಲ್ಲೇ ಇರುತ್ತಿತ್ತು, ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ನಿಮ್ಮ ಹೆಂಗಸಿನ ಹತ್ತಿರ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇದೆ, ಅಳತೆ ಟೇಪೂ ಇದೆ ಅಲ್ವಾ? ಆ ವಿಧಿಯ ಎರಡು ಪುಟ ತೆಗೆದು ಅಲ್ಲಿಂದ ಬರೆಯಿರಿ. ಬರೆದು ಕಳಿಸಿ, ನಾನೇ ಓದುತ್ತೇನೆ.