ಒನ್ಸ್ ಮೋರ್ ಅಂದರೆ ಏನು ನುಡಿಸುವುದು?

ಪ್ರಶ್ನೆ: ಮಗಳು ಕಾಸರಗೋಡಿನಲ್ಲಿ ಮೊದಲ ಸಲ ಒಂದು ಗಂಟೆಯ ಪಿಯಾನೊ ಕಛೇರಿ ಕೊಡಲಿದ್ದಾಳೆ. ಕೊನೆಯದು ಶೋಪಾನ್‌ನ ಜಿ ಮೈನರ್ ಬಲಾಡ್. ಚಪ್ಪಾಳೆ ನಿಲ್ಲದಿದ್ದರೆ ನುಡಿಸಲೆಂದು ಡೆಬುಸಿಯ ‘ಕ್ಲೇರ್ ದ ಲೂನ್’ ಇಟ್ಟುಕೊಂಡಿದ್ದಾಳೆ. ಸರಿಯಾದೀತೇ?
— ಓದುಗರು, ಬದಿಯಡ್ಕ

ಉತ್ತರ: ರಚನೆ ಸುಂದರ, ಜಾಗ ತಪ್ಪು. ಮೊದಲನೆಯದಾಗಿ, ಅದು ಐದು ನಿಮಿಷದ್ದು. ಒಂದು ಗಂಟೆ ಕೂತವರಿಗೆ ಎರಡು, ಹೆಚ್ಚೆಂದರೆ ಮೂರು ನಿಮಿಷ ಸಾಕು; ಕಛೇರಿಯ ಕೊನೆಗೆ ಬರುವ ದೇವರನಾಮದ ಅಳತೆ ಅದು. ಎರಡನೆಯದು ಶ್ರುತಿಯ ಮಾತು. ಬಲಾಡ್ ಮುಗಿಯುವುದು ಜಿಯಲ್ಲಿ, ‘ಕ್ಲೇರ್ ದ ಲೂನ್’ ಇರುವುದು ಡಿ ಫ್ಲ್ಯಾಟ್ ಮೇಜರ್‌ನಲ್ಲಿ. ಜಿಯನ್ನು ಷಡ್ಜ ಎಂದುಕೊಂಡರೆ ಡಿ ಫ್ಲ್ಯಾಟ್ ಪ್ರತಿ ಮಧ್ಯಮ, ಅಷ್ಟು ದೂರ. ಬಲಾಡ್‌ನ ಅಬ್ಬರ ಕಿವಿಯಲ್ಲಿ ಇನ್ನೂ ತುಂಬಿರುವಾಗ ಆ ಮೆಲ್ಲನೆಯ ಎತ್ತುಗಡೆ ಬಂದರೆ ಕೇಳುಗರಿಗೆ ಹಿಡಿ ಸಿಗುವುದಿಲ್ಲ. ಅದೂ ತಾಳದ ಬಡಿತದ ಮೇಲೆ ಬೀಳದೆ, ಬಡಿತ ಕಳೆದು ಏಳುವ ಎತ್ತುಗಡೆ. ಎಂದಾದರೂ ಬೇಟೊವನ್‌ನ ಎಫ್ ಮೈನರ್ ‘ಅಪ್ಪಾಸಿಯೊನಾಟ’ದಿಂದ ಮುಗಿಸುವಾಗ ಇದನ್ನು ಇಟ್ಟುಕೊಳ್ಳಲಿ. ಆ ಸೊನಾಟದ ನಡುವಿನ ಭಾಗವೇ ಡಿ ಫ್ಲ್ಯಾಟ್‌ನಲ್ಲಿದೆ, ಕಿವಿ ಆಗಲೇ ಅಲ್ಲಿಗೆ ಹೋಗಿ ಬಂದಿರುತ್ತದೆ.

ಈ ಸಲಕ್ಕೆ ಬಿ ಫ್ಲ್ಯಾಟ್ ಮೇಜರ್‌ನದ್ದು ನೋಡಿ. ಜಿ ಮೈನರ್‌ಗೂ ಅದಕ್ಕೂ ಇರುವುದು ನಠಭೈರವಿಗೂ ಶಂಕರಾಭರಣಕ್ಕೂ ಇರುವ ಸಂಬಂಧ: ಸ್ವರಗಳು ಅವೇ, ಷಡ್ಜ ಮಾತ್ರ ಬೇರೆ. ಪುಲಾಂಕ್ 1918ರಲ್ಲಿ ಬರೆದ ‘ಮೂವ್‌ಮಾಂ ಪೆರ್ಪೆಚುಯೆಲ್’ ಮೂರರಲ್ಲಿ ಮೊದಲನೆಯದು ಈ ಶ್ರುತಿಯದ್ದೇ, ಎರಡು ನಿಮಿಷವೂ ಇಲ್ಲ. ಎಡಗೈ ಒಂದೇ ಸಾಲನ್ನು ತಿರುತಿರುಗಿ ನುಡಿಸುತ್ತದೆ, ಮೇಲೆ ಬಲಗೈ ಹಗುರಾಗಿ ಹಾಡುತ್ತದೆ. ಬಲಾಡ್‌ನಲ್ಲಿ ದಣಿದ ತೋಳಿಗೆ ಇದು ವಿಶ್ರಾಂತಿ. ಕೆಡುವುದು ಒಂದೇ ಕಡೆ. ಬಲಗೈ ರಾಗ ಎಳೆಯತೊಡಗಿದಾಗ ಎಡಗೈಯೂ ಜೊತೆಗೆ ಓಲಾಡಿದರೆ ರಚನೆಯ ಬೆನ್ನೆಲುಬೇ ಹೋಯಿತು. ವಾರವಿಡೀ ಎಡಗೈ ಒಂದನ್ನೇ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರಿಸುವ ಸಾಧನ) ಇಟ್ಟು ನುಡಿಸಲಿ, ಮತ್ತೆ ಬಲಗೈ ಸೇರಿಸಲಿ.

ಒಂದು ಮಾತು: ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಎಂದರೆ ಅದೇ ಹಾಡು ಇನ್ನೊಮ್ಮೆ. ಇಲ್ಲಿ ಹೊಸದೊಂದು ಬರುತ್ತದೆ, ಅದು ಕಾರ್ಯಕ್ರಮಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ರಚನೆಯ ಹೆಸರು, ಬರೆದವರ ಹೆಸರು ಎರಡನ್ನೂ ಅವಳೇ ನಿಂತು ಕನ್ನಡದಲ್ಲಿ ಹೇಳಲಿ.

ಪ್ರಶ್ನೆ: ನಮ್ಮಲ್ಲಿ ಹಳೆಯ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೊ ಇದೆ. ಕೂಪ್ರಾಂನ ‘ತಿಕ್ ತೊಕ್ ಶೊಕ್’ ನುಡಿಸುವಾಗ ಮಳೆಗಾಲದಲ್ಲಿ ಸ್ವರಗಳು ನುಂಗಿಹೋಗುತ್ತವೆ. ಅಭ್ಯಾಸದ ಕೊರತೆಯೇ?
— ಓದುಗರು, ಮಂಜೇಶ್ವರ

ಉತ್ತರ: ಅಲ್ಲ, ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ. 1722ರ ಆ ರಚನೆ ಎರಡು ಸಾಲು ಕೀಗಳಿರುವ ಹಾರ್ಪ್ಸಿಕಾರ್ಡ್‌ಗೆ (ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯಕ್ಕೆ) ಬರೆದದ್ದು. ಒಂದು ಕೈಗೆ ಒಂದು ಸಾಲು. ಪಿಯಾನೊದಲ್ಲಿ ಎರಡೂ ಕೈ ಒಂದೇ ಜಾಗಕ್ಕೆ ಬಂದು, ಒಂದು ಕೈ ಬಿಟ್ಟ ಕೀಯನ್ನು ಇನ್ನೊಂದು ಕೈ ತಕ್ಷಣ ಒತ್ತಬೇಕಾಗುತ್ತದೆ. ತಂತಿಗಳು ಅಡ್ಡಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಸುತ್ತಿಗೆ ತಂತಿಗೆ ಮತ್ತೆ ಹೊಡೆಯಬಲ್ಲದು. ಆ ವ್ಯವಸ್ಥೆಯನ್ನು ರೂಪಿಸಿದವರು ಪ್ಯಾರಿಸ್ಸಿನ ಸೆಬಾಸ್ಟಿಯನ್ ಎರಾರ್; ಅದಕ್ಕೆ 1821ರಲ್ಲಿ ಪೇಟೆಂಟ್ ಸಿಕ್ಕಿತು. ಸಾಮಾನ್ಯ ಅಪ್‌ರೈಟ್‌ನಲ್ಲಿ ಅದಿಲ್ಲ, ಕೀ ಬಹುಪಾಲು ಮೇಲೆ ಬರಲೇಬೇಕು. ಅದರ ಮೇಲೆ ನಮ್ಮ ಕರಾವಳಿಯ ಥಂಡಿ: ಕೀಯ ತೂತುಗಳ ಒಳಗಿನ ಉಣ್ಣೆಬಟ್ಟೆ ಉಬ್ಬಿ, ಕೀ ಪಿನ್ನಿಗೆ ಕಚ್ಚಿಕೊಂಡು ನಿಧಾನ ಏಳುತ್ತದೆ. ಪರೀಕ್ಷೆ ಸುಲಭ. ಕೀಯನ್ನು ಮೆಲ್ಲಗೆ ಒತ್ತಿ ಬಿಡಿ. ಥಟ್ಟನೆ ಏಳದಿದ್ದರೆ ಅದೇ ದೋಷ. ಎಣ್ಣೆ ಬಿಡಬೇಡಿ, ಬಟ್ಟೆ ಎಣ್ಣೆ ಕುಡಿದು ಇನ್ನೂ ಅಂಟಾಗುತ್ತದೆ. ಟ್ಯೂನರ್ ಬಂದಾಗ ಆ ಬಟ್ಟೆಯನ್ನು ತುಸು ಸಡಿಲಿಸಲು ಹೇಳಿ.

ಅಲ್ಲಿಯ ತನಕ ಅದೇ ಕೂಪ್ರಾಂನ ‘ಲೆ ಬಾರಿಕಾದ್ ಮಿಸ್ತೆರಿಯೂಸ್’ ನುಡಿಸಿ. ಅಲ್ಲಿ ಕೀಯನ್ನು ಬಿಡುವುದಕ್ಕಿಂತ ಹಿಡಿದಿರುವುದೇ ಕೆಲಸ: ಒಂದು ಸ್ವರ ಇಳಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಂದು ಕೂರುತ್ತದೆ. ಎರಡೂ ಕೈ ಕೆಳಗಿನ ಸ್ಥಾಯಿಯಲ್ಲೇ ಇರುವುದರಿಂದ, ಸ್ವರಗಳನ್ನು ಕಾಲಿನಿಂದ ಉಳಿಸುವ ಪೆಡಲ್ ಒತ್ತಿದರೆ ಎಲ್ಲ ಗೊಜ್ಜಾಗುತ್ತದೆ. ಸ್ವರಗಳನ್ನು ಬೆರಳಿನಲ್ಲೇ ಹಿಡಿದಿಡಿ, ಪೆಡಲ್ ಹೆಚ್ಚುಕಡಿಮೆ ಬೇಡ. ಪಲ್ಲವಿ ಮತ್ತೆ ಮತ್ತೆ ಬರುವ ರಚನೆ. ಪುನರಾವರ್ತನೆಗಳನ್ನು ಬಿಟ್ಟರೆ ಬೇಗ ಮುಗಿಯುತ್ತದೆ.

ಪ್ರಶ್ನೆ: ಸಭಾಂಗಣದಲ್ಲಿ ಡಿಜಿಟಲ್ ಪಿಯಾನೊ. ಸಾಟಿಯ ‘ಜಿಮ್ನೊಪೆದಿ’ ಮೊದಲನೆಯದು ಸುಲಭವೆಂದು ಆರಿಸಿದೆ, ಆದರೆ ಒಣಒಣ ಕೇಳಿಸುತ್ತದೆ.
— ಓದುಗರು, ಉಪ್ಪಳ

ಉತ್ತರ: ಸ್ವರಗಳು ಸುಲಭ, ಪೆಡಲ್ ಸುಲಭವಲ್ಲ. ಮೂರು ಮಾತ್ರೆಯ ನಡೆಯಲ್ಲಿ ಮೊದಲನೆಯದಕ್ಕೆ ಎಡಗೈ ಕೆಳಸ್ವರ ಒತ್ತಿ, ಎರಡನೆಯದಕ್ಕೆ ಮೇಲೆ ಹಾರಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿಯಬೇಕು. ಹಾರುವಾಗ ಕೆಳಸ್ವರವನ್ನು ಉಳಿಸುವುದು ಪೆಡಲ್ ಮಾತ್ರ. ಬಹಳ ಮಂದಿ ಕಾರ್ಡ್ ಜೊತೆ ಪೆಡಲ್ ಬದಲಿಸುತ್ತಾರೆ. ತಳ ಅಲ್ಲೇ ಕಳಚಿತು. ಕೆಳಸ್ವರ ಒತ್ತುವಾಗ ಪಾದ ಎತ್ತಿ, ಬೆರಳು ಕೀಯ ಮೇಲೆ ಇರುವಾಗಲೇ ಮತ್ತೆ ಒತ್ತಿ. ಮುಂದಿನ ಕೆಳಸ್ವರದ ತನಕ ಪಾದ ಅಲ್ಲಾಡಬಾರದು.

ಸಭಾಂಗಣದ ಪೆಡಲ್ ಸ್ವಿಚ್ಚಿನಂಥದ್ದಾದರೆ ಅರ್ಧ ಒತ್ತುವುದಕ್ಕೆ ಅರ್ಥವಿಲ್ಲ. ಪೂರ್ತಿ ಒತ್ತಿ, ಪೂರ್ತಿ ಬಿಡಿ. ಫ್ಯಾನುಗಳೆಲ್ಲ ಓಡುತ್ತಿರುವಾಗ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಕೇಳಿಸಿ. ಕೇಳದಿದ್ದರೆ ಬೆರಳಿನಲ್ಲಿ ಜೋರು ಮಾಡಬೇಡಿ, ವಾಲ್ಯೂಮ್ ಏರಿಸಿ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದರೆ ಸಾಟಿಯನ್ನು ಬಿಟ್ಟುಬಿಡಿ. ರಾಮೋನ 1724ರ ‘ತಾಂಬೂರಾಂ’ ತಯಾರಿರಲಿ. ಅದರ ಎಡಗೈ ಪ್ರೊವಾನ್ಸ್ ಸೀಮೆಯ ಡೋಲಿನ ಬಡಿತವನ್ನು ಅನುಕರಿಸುವಂಥದ್ದು, ಮಳೆಯ ಸದ್ದಿನಲ್ಲೂ ಕೇಳುತ್ತದೆ.