ಲೇಕ್ ಲೇನಿಯರ್ ಬಾಸ್ ಮೀನಿಗೆ 150 ಡಾಲರ್ ಒಳಗೆ ಯಾವ ಸ್ಪಿನ್ನಿಂಗ್ ರಾಡ್, ಯಾವ ರೀಲ್?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಜಾರ್ಜಿಯಾದ ಆಲ್ಫರೆಟಾಕ್ಕೆ ಬಂದು ಆರು ತಿಂಗಳಾಯಿತು, ಶನಿವಾರ ಭಾನುವಾರ ಲೇಕ್ ಲೇನಿಯರ್ ದಡದಲ್ಲಿ ಗಾಳ ಹಾಕುತ್ತೀರಿ, ಕೈಯಲ್ಲಿರುವುದು 30 ಡಾಲರಿನ ಕಾಂಬೊ, ಅಂದರೆ ರಾಡು ರೀಲು ಜೊತೆಯಾಗಿ ಬರುವ ಸೆಟ್. ಮೀನು ಕಚ್ಚಿದ್ದೇ ಗೊತ್ತಾಗುವುದಿಲ್ಲ, ಹುಳು ಮಾತ್ರ ಹರಿದು ಬರುತ್ತದೆ. ಎಲ್ಲರೂ ಫಿನೆಸ್ ಮಾಡಿ ಅಂತಾರೆ, ಅಂದರೆ ತೆಳು ಲೈನು, ಸಣ್ಣ ಹಗುರ ಹುಳು ಹಾಕಿ ನಾಜೂಕಾಗಿ ಹಿಡಿಯುವುದು. ರಾಡು, ರೀಲು, ಲೈನು ಎಲ್ಲಾ ಸೇರಿ 150 ಡಾಲರ್ ದಾಟಬಾರದು.

ದಾಟುವುದಿಲ್ಲ, ಖಂಡಿತ ಆಗುತ್ತದೆ. ನಾನು ಪಕ್ಕದ ಕಮಿಂಗ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಬಾಸ್ ಹಿಡಿಯಲು ಕಲಿತದ್ದೂ ಇದೇ ನೀರಿನಲ್ಲಿ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಸುಮಾರು 7 ಅಡಿ ಉದ್ದದ, ಮೀಡಿಯಂ ಲೈಟ್ ಪವರ್, ಫಾಸ್ಟ್ ಆಕ್ಷನ್ ಇರುವ ಗ್ರಾಫೈಟ್ ರಾಡ್. 2500 ಸೈಜಿನ ರೀಲ್. 10 ಪೌಂಡ್ ತಡೆಯುವ ಬ್ರೇಡ್ (ಹೆಣೆದ) ಲೈನು, ಅದರ ತುದಿಗೆ ಲೀಡರ್ ಆಗಿ 8 ಪೌಂಡಿನ ಫ್ಲೋರೊಕಾರ್ಬನ್, ಅಂದರೆ ನೀರಿನಲ್ಲಿ ಅಷ್ಟಾಗಿ ಕಾಣದ ಎಳೆಯ ತುಂಡು.

ಯಾಕೆ ಅಂತ ಹೇಳುತ್ತೇನೆ, ಕಾರಣ ಗೊತ್ತಿದ್ದರೆ ಅಂಗಡಿಯಲ್ಲಿ ನೀವೇ ಆರಿಸಬಹುದು.

ನಮ್ಮೂರ ಹಳ್ಳದಲ್ಲಿ ನಾವು ವಾಟೆ ಕೋಲಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ, ಬೆಂಡು ನೋಡುತ್ತಾ ಕೂರುತ್ತಿದ್ದೆವು. ಬೆಂಡು ಮುಳುಗಿದರೆ ಮೀನು, ಅಷ್ಟೇ. ಫಿನೆಸ್‌ನಲ್ಲಿ ಬೆಂಡು ಇಲ್ಲ. ಬೆಂಡಿನ ಕೆಲಸವನ್ನು ನಿಮ್ಮ ತೋರುಬೆರಳು ಮಾಡಬೇಕು. 20 ಅಡಿ ಆಳದಲ್ಲಿ, ಮೂರು ಇಂಚಿನ ಪ್ಲಾಸ್ಟಿಕ್ ಹುಳುವನ್ನು ಬಾಸ್ ಬಾಯೊಳಗೆ ಎಳೆದುಕೊಂಡರೆ ಎಷ್ಟೋ ಸಲ ಕೈಗೆ 'ಟಕ್' ಅಂತಲೂ ಬರುವುದಿಲ್ಲ. ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಸ್ವಲ್ಪ ಭಾರ ಅನಿಸುತ್ತದೆ. ಅಥವಾ ಇದ್ದ ಭಾರವೂ ಇಲ್ಲವಾಗಿ ಲೈನು ಸಡಿಲವಾಗುತ್ತದೆ. ಆ ಸುದ್ದಿ ಬೆರಳಿಗೆ ಮುಟ್ಟುವ ದಾರಿ ಎರಡೇ: ಲೈನು ಮತ್ತು ರಾಡು. ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಲೇನಿಯರ್‌ಗೆ ಇದು ಇನ್ನೂ ಜಾಸ್ತಿ ಬೇಕು. 1950ರ ದಶಕದಲ್ಲಿ ಚಾಟಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿದಾಗ ಆದ ಜಲಾಶಯ ಇದು, ಸುಮಾರು 38,000 ಎಕರೆ. ನೀರು ತಿಳಿ, ಆಳ ಜಾಸ್ತಿ, ತಳದಲ್ಲಿ ಈಗಲೂ ಮುಳುಗಿದ ಮರಗಳಿವೆ. ಇಲ್ಲಿ ಹೆಚ್ಚು ಸಿಗುವುದು ಸ್ಪಾಟೆಡ್ ಬಾಸ್. ಆ ತಿಳಿನೀರಿನಲ್ಲಿ ಅವಕ್ಕೆ ಎಲ್ಲಾ ಕಾಣುತ್ತದೆ, ದಿನಾ ನೂರಾರು ಜನ ಲೂರ್ (ನಕಲಿ ಆಮಿಷ) ಎಸೆಯುತ್ತಾರೆ. ದಪ್ಪ ಲೈನು, ದೊಡ್ಡ ಲೂರ್ ಕಂಡರೆ ಹತ್ತಿರ ಬಂದು ನೋಡಿ ತಿರುಗಿ ಹೋಗುತ್ತವೆ. ಬೆಳಗಿನ ಹೊತ್ತು ಡಾಕ್ ಮೇಲೆ ನಿಂತು ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಸಣ್ಣ ಹುಳು, 1/16ರಿಂದ 1/4 ಔನ್ಸ್ ತೂಕ, ಅಂದರೆ ಎರಡರಿಂದ ಏಳು ಗ್ರಾಂ. ಇಷ್ಟು ಹಗುರವಾದದ್ದನ್ನು ದೂರ ಎಸೆಯಲು ಸ್ಪಿನ್ನಿಂಗ್ ಸೆಟ್ಟೇ ಸರಿ.

ಈಗ ರಾಡು. ಹಿಡಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಓದಿ. ಪವರ್ ಅಂದರೆ ರಾಡು ಬಾಗಲು ಎಷ್ಟು ಬಲ ಬೇಕು ಅಂತ. ಆಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ ಅಂತ. ಫಾಸ್ಟ್ ಆದರೆ ತುದಿಯ ಹತ್ತಿರ ಮಾತ್ರ ಬಾಗುತ್ತದೆ, ಕೆಳಗೆ ಗಟ್ಟಿ ಇರುತ್ತದೆ, ಹಾಗಾಗಿ ಸಣ್ಣ ಅಲುಗಾಟವೂ ಕೈಗೆ ಬರುತ್ತದೆ. ಲೂರ್ ತೂಕ 1/8 ಔನ್ಸ್‌ನಿಂದ ಅಥವಾ ಅದಕ್ಕೂ ಕೆಳಗಿನಿಂದ ಶುರುವಾಗಬೇಕು. 1/4ರಿಂದ ಶುರು ಅಂತ ಬರೆದಿದ್ದರೆ ಬಿಟ್ಟುಬಿಡಿ, ನಿಮ್ಮ ಹುಳು ಮುಂದೆ ಹೋಗುವುದೇ ಇಲ್ಲ. ಮೀಡಿಯಂ ಲೈಟ್ ಸಿಗದಿದ್ದರೆ ಮೀಡಿಯಂ ನಡೆಯುತ್ತದೆ.

ಎಲ್ಲರೂ ಅಗ್ಲಿ ಸ್ಟಿಕ್ ಜಿಎಕ್ಸ್2 ತಗೊಳ್ಳಿ ಅಂತ ಹೇಳಿರಬಹುದು. ಒಳ್ಳೆಯ ರಾಡು, ಕಾರಿನ ಬಾಗಿಲಿಗೆ ಸಿಕ್ಕರೂ ಬದುಕುತ್ತದೆ. ಮಕ್ಕಳಿಗೆ, ಕ್ಯಾಟ್‌ಫಿಶ್‌ಗೆ ನಾನೂ ಅದನ್ನೇ ಕೊಡುತ್ತೇನೆ. ಆದರೆ ಅದರಲ್ಲಿ ಫೈಬರ್‌ಗ್ಲಾಸ್ ಸೇರಿರುತ್ತದೆ, ತುದಿ ಮೆತ್ತಗೆ, ತೂಕವೂ ಜಾಸ್ತಿ. ಬೆರಳಿಗೆ ಸುದ್ದಿ ಬರುವ ಹೊತ್ತಿಗೆ ಅರ್ಧ ಕಳೆದುಹೋಗಿರುತ್ತದೆ. ಅದೇ ಬೆಲೆಗೆ, ಸುಮಾರು 50 ಡಾಲರಿಗೆ, ಬರ್ಕ್ಲಿ ಲೈಟ್ನಿಂಗ್ ರಾಡ್ ಸಿಗುತ್ತದೆ. ಅದು ಗ್ರಾಫೈಟ್, ಹಗುರ. ನಿಮ್ಮ ಬಜೆಟ್‌ಗೆ ನನ್ನ ಆಯ್ಕೆ ಅದೇ. ಸೇಲ್‌ನಲ್ಲಿ ಫೆನ್‌ವಿಕ್ ಈಗಲ್ ಕಂಡರೆ ಸ್ವಲ್ಪ ಹೆಚ್ಚಾದರೂ ತಗೊಳ್ಳಿ.

ಅಂಗಡಿಗೆ ಹೋಗುವುದಾದರೆ ರೀಲನ್ನು ರಾಡಿಗೆ ಹಾಕಿಸಿ, ರೀಲಿನ ಕಾಲು ಎರಡು ಬೆರಳ ಮಧ್ಯೆ ಬರುವ ಹಾಗೆ ಹಿಡಿದು ಐದು ನಿಮಿಷ ಸುಮ್ನೆ ನಿಂತು ನೋಡಿ. ತುದಿ ಕೆಳಗೆ ಜಗ್ಗಿದರೆ ಮೂರು ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಮಣಿಕಟ್ಟು ದಣಿದ ಮೇಲೆ ಬೆರಳಿಗೆ ಏನೂ ತಿಳಿಯುವುದಿಲ್ಲ.

ರೀಲಿಗೆ 60–70 ಡಾಲರ್ ಸಾಕು. ಶಿಮಾನೊ ಸೆಡೋನಾ 2500 ಅಥವಾ ಫ್ಲೂಗರ್ ಪ್ರೆಸಿಡೆಂಟ್ 30 (ಅವರ 30 ಅಂದರೆ ಹೆಚ್ಚು ಕಡಿಮೆ ಅದೇ ಸೈಜು), ಎರಡರಲ್ಲಿ ಯಾವುದು ಕಡಿಮೆಗೆ ಸಿಕ್ಕರೆ ಅದು. ಬೇರಿಂಗ್ ಎಷ್ಟಿದೆ ಅಂತ ಎಣಿಸಬೇಡಿ. ನೋಡಬೇಕಾದ್ದು ಡ್ರ್ಯಾಗ್ ಒಂದೇ, ಅಂದರೆ ಮೀನು ಜೋರಾಗಿ ಎಳೆದಾಗ ಹಿಡಿತದಲ್ಲೇ ಲೈನು ಬಿಟ್ಟುಕೊಡುವ ರೀಲಿನ ಬ್ರೇಕ್. ನಾನು ಇದನ್ನು ಕಲಿತದ್ದು ಮೀನು ಕಳೆದುಕೊಂಡು. ಮೊದಲ ವರ್ಷ ನನ್ನ ಹತ್ತಿರವೂ ಅಂಥದ್ದೇ ಅಗ್ಗದ ಕಾಂಬೊ ಇತ್ತು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ದೊಡ್ಡ ಸ್ಪಾಟ್ ಕಚ್ಚಿತು, ದಡದವರೆಗೂ ಬಂತು, ಅದರ ಮೈಮೇಲಿನ ಚುಕ್ಕೆ ಸಾಲು ಕಾಣುತ್ತಿತ್ತು. ನನ್ನನ್ನು ನೋಡಿದ್ದೇ ಕೆಳಕ್ಕೆ ನುಗ್ಗಿತು. ಡ್ರ್ಯಾಗ್ ಆಗ ಲೈನು ಬಿಡಬೇಕಿತ್ತು. ಅರೆಕ್ಷಣ ಕಚ್ಚಿಕೊಂಡು ನಿಂತು ಆಮೇಲೆ ಬಿಟ್ಟಿತು. ಆ ಅರೆಕ್ಷಣದಲ್ಲೇ 6 ಪೌಂಡಿನ ಲೈನು ತುಂಡಾಗಿತ್ತು. ದಿನವಿಡೀ ಊಟ ರುಚಿಸಲಿಲ್ಲ.

ಆದ್ದರಿಂದ ರೀಲು ಮನೆಗೆ ಬಂದ ದಿನವೇ ಲೈನನ್ನು ಬಾಗಿಲ ಹಿಡಿಗೆ ಕಟ್ಟಿ, ರಾಡು ಹಿಡಿದು ನಿಧಾನವಾಗಿ ಹಿಂದಕ್ಕೆ ನಡೆಯಿರಿ. ಲೈನು ಒಂದೇ ಸಮನೆ ಜಾರಿ ಬರಬೇಕು. ಶುರುವಿನಲ್ಲಿ ಜಗ್ಗಿ ಜಗ್ಗಿ ಬಂದರೆ ಮರುದಿನವೇ ವಾಪಸ್ ಕೊಡಿ.

ಉಳಿದ 25–30 ಡಾಲರ್ ಲೈನಿಗೆ. ಇಲ್ಲಿ ಉಳಿಸಲು ಹೋಗಬೇಡಿ. ಬ್ರೇಡ್ ಹಿಗ್ಗುವುದಿಲ್ಲ, ಅದಕ್ಕೇ ಅದರಲ್ಲಿ ಎಲ್ಲಾ ಗೊತ್ತಾಗುತ್ತದೆ. ಆದರೆ ತಿಳಿನೀರಿನಲ್ಲಿ ಕಾಣುತ್ತದೆ, ಹಾಗಾಗಿ ಕೊನೆಗೆ ಒಂದೂವರೆ ಮಾರಿನಷ್ಟು ಫ್ಲೋರೊಕಾರ್ಬನ್. ಎರಡನ್ನೂ ಜೋಡಿಸಲು ಡಬಲ್ ಯೂನಿ ಗಂಟು ಕಲಿಯಿರಿ, ಬಿಗಿ ಮಾಡುವ ಮುಂಚೆ ಬಾಯಿಯಿಂದ ಒದ್ದೆ ಮಾಡಿ. ಬ್ರೇಡನ್ನು ಬರೀ ಸ್ಪೂಲಿಗೆ ನೇರ ಸುತ್ತಿದರೆ ಇಡೀ ಸುತ್ತು ಜಾರುತ್ತದೆ. ಮೊದಲು ಹಳೆಯ ಮಾನೋ (ಒಂದೇ ಎಳೆಯ ನೈಲಾನ್) ಲೈನನ್ನು ಒಂದಷ್ಟು ಸುತ್ತಿ, ಅದರ ಮೇಲೆ ಬ್ರೇಡ್ ಹಾಕಿ. ಸ್ಪೂಲಿನ ಅಂಚಿಗೆ ಮೂರು ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿ. ಜಾಸ್ತಿ ತುಂಬಿದರೆ ಎಸೆದಾಗ ಗೋಜಲಾಗಿ ಹಕ್ಕಿಗೂಡಿನ ಹಾಗೆ ಹೊರಗೆ ಬೀಳುತ್ತದೆ. ಪ್ರತಿ ಸಲ ಎಸೆದ ಮೇಲೆ ರೀಲಿನ ಬೇಲ್ ತಂತಿಯನ್ನು (ಲೈನು ಹಿಡಿದಿಡುವ ಬಾಗಿದ ತಂತಿ) ಕೈಯಿಂದಲೇ ಮುಚ್ಚಿ, ಹಿಡಿ ತಿರುಗಿಸಿ ಮುಚ್ಚಬೇಡಿ. ಲೈನು ತಿರುಚಿಕೊಳ್ಳುವುದು ಬಹಳ ಕಡಿಮೆಯಾಗುತ್ತದೆ.

ದಡದಿಂದಾದರೆ ನೆಡ್ ರಿಗ್‌ನಿಂದ ಶುರು ಮಾಡಿ: ಅಣಬೆ ಆಕಾರದ ಸಣ್ಣ ಜಿಗ್ (ತಲೆಯಲ್ಲೇ ತೂಕ ಇರುವ ಗಾಳ), ಮೂರು ಇಂಚಿನೊಳಗಿನ ಹುಳು. ಮೇರಿ ಆಲಿಸ್ ಪಾರ್ಕಿನ ಕಡೆ ಎಲ್ಲಾದರೂ ಕಲ್ಲಿರುವ ಮೂಲೆ ಹುಡುಕಿ ಎಸೆಯಿರಿ, ತಳ ಮುಟ್ಟಲು ಬಿಡಿ, ನಿಧಾನ ಎಳೆಯಿರಿ. ಸ್ನೇಹಿತರ ಬೋಟ್ ಸಿಕ್ಕರೆ ಡ್ರಾಪ್ ಶಾಟ್: ಗಾಳ ಮೇಲೆ, ಅದರ ಕೆಳಗೆ ಒಂದು ಮೊಳ ಬಿಟ್ಟು ಸೀಸ. ಅಂದ ಹಾಗೆ ಲೈಸೆನ್ಸ್ ಇದೆ ಅಲ್ವಾ? ಜಾರ್ಜಿಯಾದಲ್ಲಿ 16 ತುಂಬಿದವರಿಗೆಲ್ಲ ಬೇಕು.

ಮೊದಲ ದಿನ ಮೀನಿನ ಆಸೆ ಬಿಟ್ಟು ಒಂದು ಗಂಟೆ ತಳವನ್ನೇ ಓದಿ. ಕಲ್ಲು ಹೇಗೆ ಅನಿಸುತ್ತದೆ, ಮರಳು ಹೇಗೆ, ಕೊಂಬೆ ಹೇಗೆ ಅಂತ ಬೆರಳಿಗೆ ತಿಳಿಯಲಿ. ಇದ್ಯಾವುದೂ ಅಲ್ಲದ ಇನ್ನೊಂದು ಬಂದಾಗ ಜೋರಾಗಿ ಜಗ್ಗಬೇಡಿ. ಗಾಳ ಸಣ್ಣದು, ಬಾಯಿ ಹರಿದುಹೋಗುತ್ತದೆ. ರಾಡನ್ನು ಸುಮ್ನೆ ಮೇಲೆತ್ತುತ್ತಾ ರೀಲು ಸುತ್ತುತ್ತಾ ಹೋಗಿ.