ಪ್ರೆಸ್ ಯಾವುದಾದರೂ ಸರಿ, ಗೆಳೆಯರ ಅಳತೆ ಮಾತ್ರ ಬೇಡ

.308 ರೈಫಲ್, 1000 ಗಜದ ಎಫ್-ಟಿಆರ್ ಸ್ಪರ್ಧೆ (ಎರಡು ಕಾಲಿನ ಆಸರೆ ಇಟ್ಟು, ಮಲಗಿ ದೂರದ ಗುರಿಗೆ ಹೊಡೆಯುವ ಎಫ್-ಕ್ಲಾಸ್‌ನ ಒಂದು ವಿಭಾಗ), ಗೆಳೆಯರು ಚೀಟಿಯಲ್ಲಿ ಬರೆದುಕೊಟ್ಟ ಮದ್ದಿನ ಅಳತೆ, ಅವರ ಮನೆಯಲ್ಲೇ ತುಂಬಿಟ್ಟ 50 ತೋಟಾ. ಈಗ ಸ್ವಂತಕ್ಕೆ ತೋಟಾ ತುಂಬುವ ಪ್ರೆಸ್ ಬೇಕು, ಒಂದು ಸಲಕ್ಕೆ ಒಂದೇ ಹಂತದ ಕೆಲಸ ಮಾಡುವ ಸಿಂಗಲ್ ಸ್ಟೇಜ್ ತಗೊಳ್ಳಲಾ, ಎಲ್ಲ ಹಂತ ಒಟ್ಟಿಗೆ ನಡೆಸುವ ಪ್ರೊಗ್ರೆಸಿವ್ ತಗೊಳ್ಳಲಾ, ಯಾವುದರಲ್ಲಿ ದುಡ್ಡು ಉಳಿಯುತ್ತೆ ಅಂತ ಕೇಳಿದ್ದೀರಿ. ಪ್ರೆಸ್ ವಿಷಯ ಆಮೇಲೆ. ನನ್ನ ಕಣ್ಣು ನಿಂತದ್ದು ಆ ಚೀಟಿಯ ಮೇಲೆ.

ನನ್ನ ಹತ್ತಿರವೂ ಅಂಥದ್ದೇ ಒಂದು ಚೀಟಿ ಇತ್ತು. ನಾನಿರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. ಹುಟ್ಟಿ ಬೆಳೆದದ್ದು ಮಲೆನಾಡು. ಮನೆಯಲ್ಲಿ ಕೇಪಿನ ಕೋವಿ ಇತ್ತು. ಅಜ್ಜ ಅಂಗೈಗೆ ಮದ್ದು ಸುರಿದುಕೊಂಡು, ಕಣ್ಣಂದಾಜಲ್ಲೇ ನಳಿಗೆಗೆ ಹಾಕುತ್ತಿದ್ದರು. ಅದನ್ನು ನೋಡಿ ಬೆಳೆದವನಿಗೆ ತೋಟಾ ತುಂಬುವುದು ಅಂದರೆ ಭಯವೇ ಇರಲಿಲ್ಲ. ಇರಬೇಕಿತ್ತು. ಅಜ್ಜನದು ಕರಿಮದ್ದು. ನಾವು ತುಂಬುವ ಹೊಗೆಯಿಲ್ಲದ ಮದ್ದಿನ ಬುದ್ಧಿಯೇ ಬೇರೆ. .308ಕ್ಕೆ ಇಟ್ಟಿರುವ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಅಷ್ಟು ಒತ್ತಡ ನಿಮ್ಮ ಕೆನ್ನೆಯಿಂದ ಗೇಣು ದೂರದಲ್ಲಿ ಹುಟ್ಟುತ್ತದೆ.

ಚೀಟಿ ಕೊಟ್ಟವರು ಒಳ್ಳೆಯ ಶೂಟರ್. 175 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ) ಗುಂಡು, ವಾರ್ಗೆಟ್ ಅನ್ನುವ ಮದ್ದು, ಇಷ್ಟು ಗ್ರೇನ್. (ಆ ಅಂಕಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಇದೂ ಒಂದು ಚೀಟಿ ಆಗುತ್ತದೆ.) ನನ್ನ ರೈಫಲ್‌ನಲ್ಲೂ ಚೆನ್ನಾಗಿಯೇ ಹೊಡೆಯಿತು. ಆಮೇಲೆ ಗನ್ ಶೋದಲ್ಲಿ ಮಿಲಿಟರಿಯವರು ಒಮ್ಮೆ ಹೊಡೆದು ಬಿಟ್ಟ ಹಿತ್ತಾಳೆ ಕೇಸ್‌ಗಳು (ಮದ್ದು, ಗುಂಡು ಹಿಡಿದಿಡುವ ತೋಟಾದ ಚಿಪ್ಪು) ಅಗ್ಗಕ್ಕೆ ಸಿಕ್ಕವು. ಒಂದು ಚೀಲ ತಂದು, ಅದೇ ಅಳತೆಯಲ್ಲಿ ತುಂಬಿದೆ.

ತಪ್ಪಾದದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಕೇಸ್‌ನ ಹೊರ ಅಳತೆ ಯಾರು ಮಾಡಿದರೂ ಒಂದೇ, ಚೇಂಬರ್‌ನಲ್ಲಿ, ಅಂದರೆ ನಳಿಗೆಯ ಹಿಂಬದಿಯ ಗೂಡಿನಲ್ಲಿ, ಕೂರಬೇಕಲ್ಲ. ಒಳ ಅಳತೆ ಹಾಗಲ್ಲ. ಮಿಲಿಟರಿ ಕೇಸ್‌ನ ಗೋಡೆ ದಪ್ಪ. ಖಾಲಿ ಕೇಸ್ ತೂಗಿದರೆ ಎಷ್ಟೋ ಸಲ ಮಾಮೂಲಿ ಕೇಸ್‌ಗಿಂತ 15–20 ಗ್ರೇನ್ ತನಕ ಭಾರ ಇರುತ್ತದೆ. ಆ ಹೆಚ್ಚಿನ ಹಿತ್ತಾಳೆ ಕೂತಿರುವುದು ಒಳಗೆ, ಅಂದರೆ ಮದ್ದಿನ ಜಾಗ ಅಷ್ಟು ಕಮ್ಮಿ. ಅದೇ ಮದ್ದು ಇಕ್ಕಟ್ಟಿನಲ್ಲಿ ಉರಿದರೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಈ ಮದ್ದು ಇನ್ನೂ ಬೇಗ ಉರಿಯುತ್ತದೆ. ಬೇಗ ಉರಿದರೆ ಒತ್ತಡ ಮತ್ತೂ ಏರುತ್ತದೆ. ಅಳತೆ ಮೊದಲೇ ಮಿತಿಯ ಹತ್ತಿರ ಇದ್ದರೆ ಮುಗಿಯಿತು.

ಗೊತ್ತಾಗುವಂತೆಯೇ ಇತ್ತು. ಕ್ರೋನೋಗ್ರಾಫ್‌ನಲ್ಲಿ ವೇಗ ಸೆಕೆಂಡಿಗೆ ಸುಮಾರು 50 ಅಡಿ ಜಾಸ್ತಿ ತೋರಿಸಿತು. ನಾನು ಖುಷಿಪಟ್ಟೆ! ಪುಕ್ಕಟೆ ವೇಗ ಸಿಕ್ಕಿತು ಅಂದುಕೊಂಡೆ. ಈ ಕೆಲಸದಲ್ಲಿ ಪುಕ್ಕಟೆ ವೇಗ ಅನ್ನುವುದೇ ಇಲ್ಲ. ಮದ್ದು ಜಾಸ್ತಿ ಹಾಕದೆ ವೇಗ ಜಾಸ್ತಿ ಬಂದರೆ ಅದು ಒತ್ತಡದಿಂದಲೇ ಬಂದದ್ದು. ಚೇಂಬರ್ ಮುಚ್ಚುವ ಬೋಲ್ಟ್‌ನ ಹಿಡಿ ಎತ್ತುವಾಗ ಬಿಗಿ ಅನಿಸಿತು, ಧೂಳು ಅಂದುಕೊಂಡೆ. ಹೊಡೆದ ಕೇಸ್‌ನ ತಳದಲ್ಲಿ, ಅಕ್ಷರಗಳ ಮೇಲೆ, ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆ ತಳ್ಳುವ ಭಾಗ) ಒತ್ತಿದ ಚಿಕ್ಕ ಹೊಳೆಯುವ ಗುರುತು ಮೂಡಿತ್ತು. ಅಂಚು ದುಂಡಗಿರಬೇಕಾದ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಚಿಕ್ಕ ಬಟ್ಟಲು) ಚಪ್ಪಟೆಯಾಗಿ ತಳಕ್ಕೆ ಸಮವಾಗಿತ್ತು. ಇವೆಲ್ಲ ಒತ್ತಡ ಮೀರಿದ ಗುರುತುಗಳೇ. ಅದನ್ನೂ ನೋಡಿದೆ, ಕೇಸನ್ನು ಜೇಬಿಗೆ ಹಾಕಿಕೊಂಡೆ.

ಸ್ಪರ್ಧೆ ಬೇಸಿಗೆಯಲ್ಲಿ, ಬೆನ್ ಏವರಿ ರೇಂಜ್‌ನಲ್ಲಿ. ಅಲ್ಲಿ ಪ್ರತಿ ಗುಂಡು ಹೊಡೆದ ಮೇಲೂ ಪಿಟ್‌ನಲ್ಲಿ, ಅಂದರೆ ಗುರಿಹಲಗೆಯ ಕೆಳಗಿನ ಹಳ್ಳದಲ್ಲಿ, ಇರುವವರು ಹಲಗೆ ಇಳಿಸಿ, ಗುರುತು ಹಾಕಿ, ಮೇಲೆತ್ತುತ್ತಿದ್ದರು. ಅವತ್ತು ನನ್ನ ಪಿಟ್ ನಿಧಾನ. ಮುಂದಿನ ತೋಟಾವನ್ನು ಕಾದ ಚೇಂಬರ್‌ನಲ್ಲೇ ಇಟ್ಟುಕೊಂಡು ಕಾದೆ. ಮದ್ದು ಬಿಸಿಯಾದರೆ ಒತ್ತಡ ಇನ್ನೂ ಏರುತ್ತದೆ. ವಾರ್ಗೆಟ್ ಬಿಸಿಗೆ ಅಷ್ಟಾಗಿ ಬಗ್ಗುವ ಮದ್ದಲ್ಲ, ನಿಜ. ಆದರೆ ಬಾವಿಕಟ್ಟೆಯ ಅಂಚಿನಲ್ಲಿ ನಿಂತವನನ್ನು ಜೋರಾಗಿ ತಳ್ಳಬೇಕಾ? ಟ್ರಿಗರ್ ಒತ್ತಿದೆ. ಮುಖಕ್ಕೆ ಬಿಸಿ ಗಾಳಿ ಹೊಡೆಯಿತು, ಕನ್ನಡಕದ ಗಾಜಿನ ಮೇಲೆಲ್ಲ ಕಪ್ಪು ಚುಕ್ಕೆ. ಬೋಲ್ಟ್ ಜಗ್ಗಲಿಲ್ಲ. ಗನ್‌ಸ್ಮಿತ್ ತೆಗೆದಾಗ ಪ್ರೈಮರ್ ಅದರ ಗೂಡಿನಿಂದ ಉದುರಿಹೋಗಿತ್ತು, ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್ ಮುರಿದಿತ್ತು, ಬೋಲ್ಟ್‌ನ ಮುಖ ಸುಟ್ಟು ಗುಳಿ ಬಿದ್ದಿತ್ತು. ಕನ್ನಡಕ ಇಲ್ಲದಿದ್ದರೆ ಈ ಉತ್ತರವನ್ನು ಬೇರೆಯವರ ಕೈಲಿ ಬರೆಸಬೇಕಿತ್ತು.

ಚೀಟಿ ಕೊಟ್ಟವರ ತಪ್ಪೇನೂ ಇಲ್ಲ. ಅವರ ಕೇಸ್, ಅವರ ಚೇಂಬರ್‌ಗೆ ಅದು ಸರಿ. ನನ್ನ ಚೀಟಿಯಲ್ಲಿ ಯಾವ ಕೇಸ್ ಅಂತ ಬರೆದಿರಲಿಲ್ಲ, ಅಷ್ಟೇ. ನಿಮ್ಮದರಲ್ಲಿ ಇದೆಯಾ?

ಈಗ ದುಡ್ಡಿನ ಮಾತು. ಉಳಿಯುವುದಿಲ್ಲ. ಒಂದೊಂದು ತೋಟಾಕ್ಕೆ ಖರ್ಚು ಕಮ್ಮಿ ಆಗುತ್ತೆ, ನೀವು ಜಾಸ್ತಿ ಹೊಡೆಯುತ್ತೀರಿ, ಕೊನೆಗೆ ಬ್ಯಾರಲ್ ಬೇರೆ ಸವೆಯುತ್ತೆ. ಪ್ರೊಗ್ರೆಸಿವ್ ಬೇಡವೇ ಬೇಡ. ಅದು ಒಂದೇ ಸಲ ರಾಶಿ ತುಂಬುವವರಿಗೆ. ಸಾದಾ ಸಿಂಗಲ್ ಸ್ಟೇಜ್ ತಗೊಳ್ಳಿ, ಹಳೆಯದಾದರೂ ನಡೆಯುತ್ತೆ. ಮಿಕ್ಕ ದುಡ್ಡು ಒಳ್ಳೆ ತಕ್ಕಡಿಗೆ, ಕ್ರೋನೋಗ್ರಾಫ್‌ಗೆ, ಒಂದೇ ಕಂಪನಿಯ ಒಂದೇ ಲಾಟ್‌ನ ಕೇಸ್‌ಗಳಿಗೆ ಹಾಕಿ. ತೋಟಾ ತುಂಬುವ ಕೈಪಿಡಿಯಲ್ಲಿರುವ ಅತಿ ಕಮ್ಮಿ ಅಳತೆಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಕೇಸ್, ಪ್ರೈಮರ್, ಗುಂಡು, ಮದ್ದಿನ ಲಾಟ್, ಯಾವುದು ಬದಲಾದರೂ ಮತ್ತೆ ಕೆಳಗಿನಿಂದ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಲಿ.

ಇನ್ನೊಂದು. ತುಂಬುವ ಹುಚ್ಚು ಜಾಸ್ತಿ ಹಿಡಿಸಿಕೊಳ್ಳಬೇಡಿ. 1000 ಗಜದಲ್ಲಿ 10 ಅಂಕದ ವೃತ್ತ 10 ಇಂಚು ಅಗಲ. ವೇಗ ಸೆಕೆಂಡಿಗೆ 10 ಅಡಿ ಆಚೀಚೆ ಆದರೆ .308ರ ಗುಂಡು ಸುಮಾರು 4 ಇಂಚು ಮೇಲೆ ಕೆಳಗೆ ಹೋಗುತ್ತದೆ. ಅಡ್ಡಗಾಳಿಯನ್ನು ಗಂಟೆಗೆ 1 ಮೈಲಿ ತಪ್ಪು ಓದಿದರೆ ಸುಮಾರು 10 ಇಂಚು ಪಕ್ಕಕ್ಕೆ, ಅಂದರೆ ವೃತ್ತದಿಂದ ಆಚೆ. ವೇಗ ಒಂದು ಹದಕ್ಕೆ ಬಂದ ಮೇಲೂ ರಾತ್ರಿಯೆಲ್ಲ ಕೇಸ್ ತೂಗುತ್ತ ಕೂರುವವರನ್ನು ನೋಡಿದ್ದೇನೆ. ರೇಂಜ್‌ನಲ್ಲಿ ಬಾವುಟ, ಬಿಸಿಲ ಝಳ ನೋಡುವುದನ್ನು ಅವರು ಕಲಿಯುವುದೇ ಇಲ್ಲ.

ಕೇಳಿಲ್ಲ, ಆದರೂ ಹೇಳುತ್ತೇನೆ. ಎಚ್-1ಬಿಯಂಥ ವೀಸಾದಲ್ಲಿದ್ದರೆ ಇಲ್ಲಿನ ಫೆಡರಲ್ ಕಾನೂನು ಬಂದೂಕಿಗಷ್ಟೇ ಅಲ್ಲ, ತೋಟಾ ಇಟ್ಟುಕೊಳ್ಳುವುದಕ್ಕೂ ಅಡ್ಡ ಬರುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ. ವಕೀಲರನ್ನು ಕೇಳಿಕೊಳ್ಳಿ.

ಆ 50 ತೋಟಾ ಹೊಡೆಯಬೇಡಿ. ಕಾಲೆಟ್ ಪುಲ್ಲರ್ ಅಂತ ಸಿಗುತ್ತದೆ, ಅದನ್ನು ಪ್ರೆಸ್‌ಗೆ ಹಾಕಿ ಗುಂಡುಗಳನ್ನು ಎಳೆದು ತೆಗೆಯಿರಿ. ಗುಂಡು, ಕೇಸ್ ಮತ್ತೆ ಬಳಕೆಗೆ ಬರುತ್ತವೆ. ಮದ್ದನ್ನು ಮಾತ್ರ ವಾಪಸ್ ಡಬ್ಬಿಗೆ ಸುರಿಯಬೇಡಿ, ಅದು ಯಾವ ಡಬ್ಬಿಯಿಂದ ಬಂತು ಅಂತ ನೀವು ಕಣ್ಣಾರೆ ನೋಡಿಲ್ಲ ಅಲ್ವಾ.